ದಫ್ತರ ಯಾರದು?

ಹೋದ ಮಳೆಗಾಲದಲ್ಲಿ ನಮ್ಮ ಆಫೀಸಿನಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬ ನನ್ನ ಟೇಬಲ್ಲಿನ ಹತ್ತಿರ ಬಂದು, ಅರ್ಧ ತೆಲುಗು ಅರ್ಧ ಇಂಗ್ಲಿಷಿನಲ್ಲಿ, ಸರ್ವರ್‌ನಲ್ಲಿ ತನ್ನದಲ್ಲದ ಫೈಲುಗಳು ತನ್ನ ಹೆಸರಿನಲ್ಲಿವೆ ಎಂದ. ಹೋಗಿ ನೋಡಿದೆ. ನಿಜ. ಮೂರು ವರ್ಷಗಳ ಸಂಬಳ ಪರಿಷ್ಕರಣೆಯ ಪಟ್ಟಿಗಳು, ಯಾರಿಗೆ ಎಷ್ಟು ಹೆಚ್ಚಾಯಿತು, ಯಾರಿಗೆ ಏನೂ ಸಿಗಲಿಲ್ಲ ಎಲ್ಲವೂ ಇದ್ದವು. ಮಾಲೀಕ ಎಂಬಲ್ಲಿ ಈ ಹುಡುಗನ ಹೆಸರು. ಅದರಲ್ಲಿ ನನ್ನ ಸಂಬಳವೂ ಇತ್ತು.

ಕಳ್ಳತನವೇನೂ ಆಗಿರಲಿಲ್ಲ. ಆ ಫೈಲುಗಳನ್ನು ಮಾಡಿದ್ದ ಅಧಿಕಾರಿ ಕೆಲವು ತಿಂಗಳ ಹಿಂದೆ ಕೆಲಸ ಬಿಟ್ಟಿದ್ದರು. ಅವರ ಖಾತೆಯನ್ನು ಅಳಿಸಿದ್ದರು, ಫೈಲುಗಳನ್ನು ಹಾಗೇ ಬಿಟ್ಟಿದ್ದರು. ಲಿನಕ್ಸ್ ಸರ್ವರ್‌ಗೆ ಮನುಷ್ಯರ ಹೆಸರು ಗೊತ್ತಿಲ್ಲ. ಅದು ಪ್ರತಿ ಫೈಲಿನ ಮೇಲೆ ಬರೆದಿಡುವುದು ಒಂದು ಸಂಖ್ಯೆಯನ್ನು. ಈ ಸಂಖ್ಯೆ ಯಾರದು ಎಂದು ಬೇರೊಂದು ಪಟ್ಟಿ ನೋಡಿ ನಮಗೆ ಹೆಸರು ತೋರಿಸುತ್ತದೆ. ಖಾತೆ ಹೋದ ಮೇಲೆ ಆ ಸಂಖ್ಯೆ ಖಾಲಿ ಬಿತ್ತು. ಹೊಸಬರಿಗೆ ಖಾಲಿ ಸಂಖ್ಯೆಗಳನ್ನೇ ಮೊದಲು ಹಂಚುವಂತೆ ಯಾರೋ ಎಂದೋ ಬರೆದಿಟ್ಟ ಸ್ಕ್ರಿಪ್ಟು ಅದನ್ನೇ ಎತ್ತಿ ಈ ಹುಡುಗನಿಗೆ ಕೊಟ್ಟಿತು. ಸಂಖ್ಯೆಯ ಜೊತೆಗೆ ಆಸ್ತಿಯೂ ಬಂತು.

ನನಗೆ ತಕ್ಷಣ ನೆನಪಾದದ್ದು ನಮ್ಮೂರ ಕುಲಕರ್ಣ್ಯಾರ ಮನೆ. ಅಪ್ಪ ಹೋದರೆ ಮಗ ಕುಲಕರ್ಣಿ. ಮಗನ ಜೊತೆಗೆ ಇಡೀ ಊರಿನ ಹೊಲಗಳ ದಫ್ತರ. ಅವನಿಗೆ ಓದು ಬರಹ ಎಷ್ಟು ಬರುತ್ತದೆ, ಊರಿನ ಮೇಲೆ ಅವನಿಗೆ ಎಷ್ಟು ಕರುಣೆ ಇದೆ ಎಂದು ಯಾರೂ ಕೇಳುವ ಹಾಗಿರಲಿಲ್ಲ.

ಫೈಲಿನ ಒಡೆತನ ಎಂದರೆ ನಮ್ಮ ಕಸುಬಿನಲ್ಲಿ ಸಿಸ್ಟಂ ಅಡ್ಮಿನ್‌ನ ತಲೆನೋವು. ಆದರೆ ಅದು ಕಂಪ್ಯೂಟರಿಗಿಂತ ಬಹಳ ಹಳೆಯ ತಲೆನೋವು. ಈ ಹೈದರಾಬಾದ್ ಅದನ್ನು ನೂರಾರು ವರ್ಷ ಅನುಭವಿಸಿದ ಊರು.

ದಫ್ತರ ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಲೆಕ್ಕದ ಕಟ್ಟು, ಕಚೇರಿ, ಶಾಲೆಗೆ ಹೋಗುವ ಮಕ್ಕಳ ಪುಸ್ತಕದ ಗಂಟು, ಎಲ್ಲಕ್ಕೂ ಅದೇ ಶಬ್ದ. ಪರ್ಷಿಯನ್ನಿನಿಂದ ಬಂದದ್ದು, ಅದರ ಬೇರು ಚರ್ಮ ಎಂಬ ಅರ್ಥದ ಗ್ರೀಕ್ ಶಬ್ದದಲ್ಲಿದೆ. ತೊಗಲಿನ ಮೇಲೆ ಬರೆಯುತ್ತಿದ್ದ ಕಾಲದ ನೆನಪು ಅದು. ನಿಜಾಮರ ರಾಜ್ಯದಲ್ಲಿ ಇಂಥ ಎರಡು ದೊಡ್ಡ ದಫ್ತರಗಳಿದ್ದವು: ದಫ್ತರ್-ಎ-ಮಾಲ್ ಮತ್ತು ದಫ್ತರ್-ಎ-ದಿವಾನಿ. ಕಂದಾಯದ ಲೆಕ್ಕ, ಜಾಗೀರುಗಳ ವಿವರ, ಸನದುಗಳ ನಕಲು ಇವುಗಳಲ್ಲಿ ಇರುತ್ತಿದ್ದವು. ಒಂದೊಂದು ದಫ್ತರವೂ ಒಂದೊಂದು ಮನೆತನದ ಕೈಯಲ್ಲಿ, ವಂಶಪಾರಂಪರ್ಯವಾಗಿ. ಮಾಲ್ ದಫ್ತರ ಒಂದು ಕಾಯಸ್ಥ ಮನೆತನದ್ದು. ದಿವಾನಿ ದಫ್ತರ ರಾಯ್ ರಾಯಾನ್ ಎಂಬ ಬಿರುದಿನ ಮರಾಠಿ ಬ್ರಾಹ್ಮಣ ಮನೆತನದ್ದು. ಕಾಯಸ್ಥ ಮನೆತನಕ್ಕೆ ‘ಮಾಲ್‌ವಾಲಾ’ ಎಂಬ ಹೆಸರೇ ಅಂಟಿಕೊಂಡಿತು. ಫೈಲು ಇಟ್ಟುಕೊಂಡವರಿಗೆ ಫೈಲಿನದೇ ಹೆಸರು. ಚಾರ್‌ಮಿನಾರಿನ ಬಳಿ ಅವರ ಅರಮನೆಯನ್ನೂ ಅದೇ ಹೆಸರಿನಿಂದ ಕರೆದರು.

ಇದರ ಪರಿಣಾಮ ಏನು? ಯಾವ ಊರಿನಿಂದ ಎಷ್ಟು ಹಣ ಬರಬೇಕು, ಯಾರ ಜಾಗೀರು ಎಲ್ಲಿಯವರೆಗೆ ಎಂಬುದು ತಿಳಿಯಬೇಕಾದರೆ ದಿವಾನನೂ ಈ ಮನೆತನಗಳ ಗುಮಾಸ್ತರನ್ನು ಕೇಳಬೇಕು. ದಿವಾನರು ಬರುತ್ತಿದ್ದರು, ಹೋಗುತ್ತಿದ್ದರು. ದಫ್ತರುದಾರರು ಇದ್ದಲ್ಲೇ ಇರುತ್ತಿದ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ, ರಾಜ್ಯದ ರೂಟ್ ಪಾಸ್‌ವರ್ಡ್ ಅವರ ಬಳಿ ಇತ್ತು.

1853ರಲ್ಲಿ ಮೀರ್ ತುರಾಬ್ ಅಲಿ ಖಾನ್ ದಿವಾನರಾದರು. ನಾವು ಮ್ಯೂಸಿಯಮ್ಮಿನ ಕಾರಣಕ್ಕೆ ನೆನಪಿಟ್ಟುಕೊಂಡಿರುವ ಸಾಲಾರ್ ಜಂಗ್ ವಂಶದ ಮೊದಲನೆಯವರು. ಆಗ ಅವರಿಗೆ ಇಪ್ಪತ್ನಾಲ್ಕು ವರ್ಷ. ನಮ್ಮ ಟೀಮಿಗೆ ಬಂದ ಹುಡುಗನ ವಯಸ್ಸು. ಖಜಾನೆ ಖಾಲಿ, ಸಾಲ ತಲೆಯ ಮೇಲೆ, ಬೀರಾರ್ ಅದೇ ವರ್ಷ ಬ್ರಿಟಿಷರ ಕೈಗೆ ಹೋಗಿತ್ತು. ಸಾಲಾರ್ ಜಂಗ್ ಮಾಡಿದ್ದು ಜಾಣ ಕೆಲಸ. ಹಳೆಯ ಮನೆತನಗಳನ್ನು ಅವಮಾನಿಸಿ ಹೊರಹಾಕಲಿಲ್ಲ. ಅವರ ಬಿರುದು, ದರ್ಬಾರಿನ ಸ್ಥಾನ ಉಳಿಯಿತು. ಪಕ್ಕದಲ್ಲೇ ಸಂಬಳದ ನೌಕರರಿರುವ ಹೊಸ ಇಲಾಖೆಗಳನ್ನು ಕಟ್ಟುತ್ತ ಹೋದರು. 1865ರ ಜಿಲ್ಲಾಬಂದಿಯಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ಹಂಚಿ, ಜಿಲ್ಲೆಗೊಬ್ಬ ತಾಲ್ಲೂಕುದಾರನನ್ನು ನೇಮಿಸಿದರು. ಈ ಅಧಿಕಾರಿಯನ್ನು ವರ್ಗ ಮಾಡಬಹುದು, ತೆಗೆಯಬಹುದು; ಅವನು ಹೋದರೆ ಲೆಕ್ಕ ಕಚೇರಿಯಲ್ಲೇ ಉಳಿಯಬೇಕು. ಹಳೆಯ ದಫ್ತರಗಳಿಗೆ ಗೌರವ ಉಳಿಯಿತು, ಕೆಲಸ ಉಳಿಯಲಿಲ್ಲ.

ಆ ಕಾಗದಗಳು ಕಡೆಗೆ ಸರಕಾರದ ದಾಖಲೆ ಸಂಗ್ರಹಕ್ಕೆ ಬಂದವು. ಈಗ ಅವು ತಾರ್ನಾಕಾದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಹತ್ತಿರ, ರಾಜ್ಯ ಪತ್ರಾಗಾರದಲ್ಲಿವೆ. ಷಹಜಹಾನ್ ಮತ್ತು ಔರಂಗಜೇಬರ ಕಾಲದ ಮೊಘಲ್ ಕಾಗದಗಳೇ ಲಕ್ಷಕ್ಕೂ ಮೀರಿ ಅಲ್ಲಿವೆ. ಷಹಜಹಾನನ ಕಾಲದ ಕೆಲವನ್ನು ಆರಿಸಿ 1950ರಲ್ಲಿ ಅಚ್ಚು ಹಾಕಿಸಿದ ಸಂಸ್ಥೆಯ ಹೆಸರು ಆಗಲೂ ದಫ್ತರ್-ಎ-ದಿವಾನಿಯೇ.

ಸಾಲಾರ್ ಜಂಗರ ಸುಧಾರಣೆ ಹೈದರಾಬಾದಿನಲ್ಲಿ ಶುರುವಾಗಿ ಜಿಲ್ಲೆಗೆ ಬಂತು, ತಾಲ್ಲೂಕಿಗೆ ಬಂತು. ಹಳ್ಳಿಯ ಹೊಸ್ತಿಲಲ್ಲಿ ನಿಂತುಬಿಟ್ಟಿತು. ಊರಿನ ಗೌಡಕಿ, ಕುಲಕರ್ಣಿಕಿ ವತನಗಳು ವಂಶದ ಕೈಯಲ್ಲೇ ಉಳಿದವು. ಕಲಬುರಗಿ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ನನ್ನ ಮುತ್ಯಾನಿಗೆ ಏಳೆಕರೆ ತೊಗರಿ ಹೊಲ. ಅದು ಅವನದೇ ಎನ್ನುವ ಕಾಗದ ಮಾತ್ರ ಕುಲಕರ್ಣ್ಯಾರ ಮನೆಯ ಗೂಡಿನಲ್ಲಿ, ಕೆಂಪು ಬಟ್ಟೆಯ ಗಂಟಿನಲ್ಲಿ. ಭಾಷೆ ಉರ್ದು, ಮುತ್ಯಾನಿಗೆ ಕನ್ನಡ ಅಕ್ಷರವೂ ಬರುತ್ತಿರಲಿಲ್ಲ. ಅಪ್ಪ ಚಿಕ್ಕವನಿದ್ದಾಗ ಅವನ ಜೊತೆ ಹೋಗುತ್ತಿದ್ದನಂತೆ. ಕಟ್ಟೆಯ ಮೇಲೆ ಕೂಡುವ ಹಾಗಿಲ್ಲ, ಕೆಳಗೆ ಕೂಡಬೇಕು. ಹೊತ್ತು ಏರಿದ ಮೇಲೆ ಒಳಗಿನಿಂದ ಒಂದು ಮಾತು ಬರುತ್ತಿತ್ತು: “ಇವತ್ತ ಗಂಟು ಬಿಚ್ಚಾಂಗಿಲ್ಲೋ, ನಾಳಿ ಬಾ.”

ಮುತ್ಯಾ ಮರುದಿನ ಹೋಗುತ್ತಿದ್ದ. ಒಮ್ಮೊಮ್ಮೆ ಕೈಯಲ್ಲಿ ಒಂದು ಸೇರು ತೊಗರಿಬೇಳೆ ಇರುತ್ತಿತ್ತು. ಓದುವ ಹಕ್ಕಿಗೆ ಇದ್ದ ಬೆಲೆ ಅದು. ತಿದ್ದುವ ಹಕ್ಕಿನ ಬೆಲೆ ಏನಿತ್ತೋ, ಅದನ್ನು ಕೊಡಬಲ್ಲವರು ಬೇರೆಯವರು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಒಡೆಯಿತು. ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರಿಗೆ ಬಂದವು. ಪೂರ್ತಿ ಬರಲಿಲ್ಲ: ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು, ರಾಯಚೂರಿನ ಆಲಂಪುರ ಮತ್ತು ಗದ್ವಾಲ್, ಬೀದರಿನ ನಾರಾಯಣಖೇಡದಂಥ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಹೊಲ ಎಲ್ಲಿತ್ತೋ ಅಲ್ಲೇ, ಬದು ಎಲ್ಲಿತ್ತೋ ಅಲ್ಲೇ. ಆಳುವ ರಾಜ್ಯ ಬದಲಾಯಿತು. ನಮ್ಮ ಕಸುಬಿನವರು ಇಡೀ ಫೋಲ್ಡರಿನ ಮಾಲೀಕತ್ವವನ್ನು ಒಂದೇ ಆಜ್ಞೆಯಲ್ಲಿ ಬದಲಿಸುತ್ತಾರಲ್ಲ, ಹಾಗೆ. ಗೂಡಿನೊಳಗಿನ ಕೆಂಪು ಗಂಟು ಮಾತ್ರ ಅಲುಗಲಿಲ್ಲ.

ಅದು ಅಲುಗಿದ್ದು 1963ರ ಫೆಬ್ರುವರಿ 1ರಂದು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಅಂದು ಜಾರಿಗೆ ಬಂತು. ಮೈಸೂರು ರಾಜ್ಯದಲ್ಲಿ ಪಟೇಲ, ಶಾನುಭೋಗ, ಕುಲಕರ್ಣಿ ವತನಗಳು ಹೋಗಿ ಸರಕಾರಿ ನೌಕರನಾದ ಗ್ರಾಮಲೆಕ್ಕಿಗ ಬಂದ. ಗಡಿಯ ಆಚೆ, ಆಂಧ್ರದಲ್ಲಿ, ಇದೇ ಕೆಲಸಕ್ಕೆ 1984ರ ಜನವರಿಯವರೆಗೆ ಕಾಯಬೇಕಾಯಿತು. ಎನ್.ಟಿ. ರಾಮರಾವ್ ಸರಕಾರ ಸುಗ್ರೀವಾಜ್ಞೆಯಿಂದ ಕರಣಂ, ಪಟವಾರಿ ಹುದ್ದೆಗಳನ್ನು ರದ್ದು ಮಾಡಿತು. ತಾಂಡೂರಿನ ರೈತ ಸೇಡಂನ ರೈತನಿಗಿಂತ ಇಪ್ಪತ್ತೊಂದು ವರ್ಷ ಹೆಚ್ಚು ಆ ಕಟ್ಟೆಯ ಕೆಳಗೆ ಕೂತ.

ಇಷ್ಟೆಲ್ಲ ನಮ್ಮಲ್ಲಿ ನಡೆಯುತ್ತಿದ್ದ ಹೊತ್ತಿಗೆ ಅಮೆರಿಕದಲ್ಲಿ ಕಂಪ್ಯೂಟರಿನವರಿಗೆ ಇದೇ ಪ್ರಶ್ನೆ ಎದುರಾಗಿತ್ತು. 1961ರಲ್ಲಿ, ಆ ಕಾಯ್ದೆ ಹುಟ್ಟಿದ ವರ್ಷವೇ, ಎಂಐಟಿಯಲ್ಲಿ ಫರ್ನಾಂಡೊ ಕೋರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ತೋರಿಸಿದರು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವುದು ಅದರ ಗುಟ್ಟು. ಹಲವರು ಎಂದ ಕೂಡಲೇ ನಂದು, ನಿಂದು ಬಂತು, ಪಾಸ್‌ವರ್ಡ್ ಬಂತು. ಒಂದು ದಿನ ಇಬ್ಬರು ಮೇಲ್ವಿಚಾರಕರು ಒಂದೇ ಹೊತ್ತಿಗೆ ಎರಡು ಫೈಲು ತಿದ್ದುತ್ತ ಕೂತಿದ್ದರು. ಒಬ್ಬನ ಕೈಯಲ್ಲಿ ಲಾಗಿನ್ ಆದವರಿಗೆಲ್ಲ ಕಾಣುವ ದಿನದ ಸಂದೇಶ, ಇನ್ನೊಬ್ಬನ ಕೈಯಲ್ಲಿ ಪಾಸ್‌ವರ್ಡ್‌ಗಳ ಪಟ್ಟಿ. ಎಡಿಟರ್ ಇಬ್ಬರ ತಾತ್ಕಾಲಿಕ ಫೈಲಿಗೂ ಒಂದೇ ಹೆಸರು ಇಡುತ್ತಿತ್ತು. ಎರಡೂ ಅದಲುಬದಲಾದವು. ಅಂದು ಲಾಗಿನ್ ಆದವರಿಗೆಲ್ಲ ಸಂದೇಶದ ಬದಲು ಎಲ್ಲರ ಪಾಸ್‌ವರ್ಡ್‌ಗಳು ಕಂಡವು! ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದಲ್ಲಿ ಕೋರ್ಬಾಟೊ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ಅದರ ಮುಂದಿನ ಹೆಜ್ಜೆ ಮಲ್ಟಿಕ್ಸ್. ಪ್ರತಿ ಫೈಲಿಗೂ ಯಾರ್‍ಯಾರು ಏನೇನು ಮಾಡಬಹುದೆಂಬ ಉದ್ದನೆಯ ಪಟ್ಟಿ ಅದರಲ್ಲಿತ್ತು. ಆ ಯೋಜನೆಯಿಂದ 1969ರಲ್ಲಿ ಹೊರಬಂದ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಚಿಕ್ಕದಾಗಿ, ಚೊಕ್ಕವಾಗಿ ಯುನಿಕ್ಸ್ ಕಟ್ಟಿದರು. 1971ರ ನವೆಂಬರ್ 3ರ ದಿನಾಂಕವಿರುವ ಅದರ ಮೊದಲ ಕೈಪಿಡಿಯಲ್ಲೇ ಅನುಮತಿ ಬದಲಿಸುವ ಚ್‌ಮಾಡ್, ಮಾಲೀಕನನ್ನು ಬದಲಿಸುವ ಚ್‌ಓನ್ ಎರಡೂ ಇವೆ. ಆದರೆ ಆಗ ಜಗತ್ತಿನಲ್ಲಿ ಎರಡೇ ಜಾತಿ: ಮಾಲೀಕ ಮತ್ತು ಉಳಿದವರು. ಒಂದೋ ಕುಲಕರ್ಣಿ, ಇಲ್ಲವೇ ಊರು. ಇವೆರಡರ ನಡುವಿನ ‘ಗುಂಪು’ ಎಂಬುದು ಬಂದದ್ದು ಕೆಲವು ವರ್ಷಗಳ ನಂತರ. ಇಂದು ನಾವು ಓದಲು 4, ಬರೆಯಲು 2, ನಡೆಸಲು 1 ಎಂದು ಕೂಡಿಸಿ, ಮಾಲೀಕ, ಗುಂಪು, ಉಳಿದವರು ಎಂಬ ಮೂವರಿಗೆ ಮೂರು ಅಂಕಿ ಬರೆಯುವುದು ಆ ಮೇಲೆ ನೆಲೆನಿಂತ ಪದ್ಧತಿ. 750 ಎಂದರೆ ಮಾಲೀಕನಿಗೆ ಎಲ್ಲವೂ, ಗುಂಪಿಗೆ ಓದುವುದು ಮತ್ತು ನಡೆಸುವುದು, ಉಳಿದವರಿಗೆ ಏನೂ ಇಲ್ಲ.

ಗುಂಪು ಎಂಬ ಆ ನಡುವಿನ ಅಂಕಿ ನನಗೆ ಸಾಲಾರ್ ಜಂಗರ ಇಲಾಖೆಯ ಹಾಗೆ ಕಾಣುತ್ತದೆ. ಗುಂಪಿಗೆ ಜನ ಬರುತ್ತಾರೆ, ಹೋಗುತ್ತಾರೆ, ಗುಂಪು ಇರುತ್ತದೆ. ಬಂದವನಿಗೆ ಹಕ್ಕು ತಾನಾಗಿ ಸಿಗುತ್ತದೆ, ಹೋದವನಿಂದ ತಾನಾಗಿ ಬಿಡುತ್ತದೆ. ಫೈಲು ಕುರ್ಚಿಗೆ ಸೇರುತ್ತದೆ, ಕೂತವನಿಗಲ್ಲ.

ಯುನಿಕ್ಸಿನಲ್ಲಿ ಇನ್ನೊಂದು ಜಾಣತನವೂ ಇತ್ತು. ಪಾಸ್‌ವರ್ಡ್ ಫೈಲಿನಲ್ಲಿ ಸಾಮಾನ್ಯ ಬಳಕೆದಾರ ಬರೆಯುವ ಹಾಗಿಲ್ಲ. ಆದರೆ ಅವನು ತನ್ನ ಪಾಸ್‌ವರ್ಡ್ ಬದಲಿಸಲೇಬೇಕು. ಹೇಗೆ? ಒಂದು ಪ್ರೋಗ್ರಾಮ್ ಇರುತ್ತದೆ; ಅದನ್ನು ಯಾರೇ ನಡೆಸಲಿ, ಅದು ಮಾಲೀಕನ ಅಧಿಕಾರದಿಂದ ಕೆಲಸ ಮಾಡುತ್ತದೆ, ಆದರೆ ತನಗೆ ಬರೆದಿಟ್ಟ ನಿಯಮದಷ್ಟೇ ಮಾಡುತ್ತದೆ. ಇದು ರಿಚಿಯವರ ಕಲ್ಪನೆ. 1979ರಲ್ಲಿ ಪೇಟೆಂಟ್ ಸಿಕ್ಕಿತು. ಬಡವನಿಗೆ ದಫ್ತರ ಬಿಚ್ಚಿ ಕೊಡಬೇಕಿಲ್ಲ, ಆದರೆ ಅವನ ಕೆಲಸ ಯಾರ ದಯೆಯೂ ಇಲ್ಲದೆ ಆಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಆ ದಿನ ಬಂದದ್ದು ಶತಮಾನ ತಿರುಗಿದ ಮೇಲೆ. ಕುಲಕರ್ಣಿ ಹೋಗಿ ತಲಾಠಿ ಬಂದಿದ್ದ, ಕೆಂಪು ಗಂಟು ಹೋಗಿ ರೆಕ್ಸಿನ್ ಚೀಲ ಬಂದಿತ್ತು. ನಾಳೆ ಬಾ ಎಂಬ ಮಾತು ಹಾಗೇ ಇತ್ತು. ಬೆಳೆ ಸಾಲಕ್ಕೆ ಪಹಣಿ ಬೇಕೆಂದು ಅಪ್ಪನ ಸೈಕಲ್ಲಿನ ಹಿಂದೆ ಕೂತು ತಲಾಠಿಯನ್ನು ಹುಡುಕುತ್ತ ಮೂರು ಊರು ಅಲೆದದ್ದು ನನಗೇ ನೆನಪಿದೆ. ಕರ್ನಾಟಕದಲ್ಲಿ ಆಗ ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿ ಈ ಕಾಗದಗಳಿದ್ದವು. ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು. ಯಾರು, ಯಾವಾಗ, ಏನು ಮಾಡಿದರು ಎಂಬುದು ಉಳಿಯುತ್ತದೆ. ಮೊದಲು ಬಂದ ಅರ್ಜಿ ಮೊದಲು, ಸರದಿ ಹಾರಿಸುವ ಹಾಗಿಲ್ಲ. ರಿಚಿಯವರ ಪ್ರೋಗ್ರಾಮು ತಾಲ್ಲೂಕು ಕಚೇರಿಗೆ ಬಂದ ಹಾಗೆ.

ಅದರಿಂದ ಎಲ್ಲವೂ ಸರಿಹೋಯಿತೆಂದಲ್ಲ. ಓದುವ ಹಕ್ಕು ಎಲ್ಲರಿಗೂ ತೆರೆದಾಗ ಬೆಂಗಳೂರಿನ ಸುತ್ತ ಭೂಮಿ ಹುಡುಕುತ್ತಿದ್ದ ದೊಡ್ಡ ಕುಳಗಳಿಗೂ ಅದು ತೆರೆಯಿತು ಎಂದು ಸಂಶೋಧಕರು ತೋರಿಸಿದರು. ಇತ್ತ ತೆಲಂಗಾಣದಲ್ಲಿ ತಪ್ಪು ಬೇರೆ ತುದಿಯಲ್ಲಾಯಿತು. 2020ರ ಸೆಪ್ಟೆಂಬರಿನಲ್ಲಿ ಗ್ರಾಮ ಕಂದಾಯ ಅಧಿಕಾರಿಗಳ ಹುದ್ದೆಯನ್ನೇ ರದ್ದು ಮಾಡಿ, ಅವರಿಂದ ದಾಖಲೆಗಳನ್ನು ವಶಕ್ಕೆ ತೆಗೆದುಕೊಂಡರು. ಅಕ್ಟೋಬರ್ 29ರಂದು ಧರಣಿ ಪೋರ್ಟಲ್ ಬಂತು. ಹಳ್ಳಿಯ ಲಂಚ ನಿಲ್ಲಿಸುವುದು ಉದ್ದೇಶ. ಆದರೆ ತಿದ್ದುಪಡಿಯ ಅಧಿಕಾರ ಕಲೆಕ್ಟರ್ ಮಟ್ಟಕ್ಕೆ ಏರಿತು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ, ಸ್ವಂತ ಹೊಲ ನಿಷೇಧಿತ ಪಟ್ಟಿಯಲ್ಲಿ ಸೇರಿಕೊಂಡಿದ್ದರೂ ಹಳ್ಳಿಯವನು ಜಿಲ್ಲಾ ಕೇಂದ್ರದ ಕಡೆ ನೋಡಬೇಕಾಯಿತು. 2025ರಲ್ಲಿ ಭೂ ಭಾರತಿ ಕಾಯ್ದೆ ತಂದು ಆ ಅಧಿಕಾರವನ್ನು ಮತ್ತೆ ಕೆಳಗಿನ ಅಧಿಕಾರಿಗಳಿಗೂ ಹಂಚಿದರು.

ಎಂಐಟಿಯ ಸಾಲ್ಟ್‌ಜರ್ ಮತ್ತು ಶ್ರೋಡರ್ 1975ರಲ್ಲೇ ಈ ಎರಡೂ ತುದಿಗಳ ಬಗ್ಗೆ ಬರೆದಿದ್ದರು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ, ಹೆಚ್ಚು ಬೇಡ ಎಂಬುದು ಅವರ ತತ್ವಗಳಲ್ಲಿ ಒಂದು. ಅದನ್ನು ನಾವೆಲ್ಲ ಇಂಟರ್‌ವ್ಯೂಗಳಲ್ಲಿ ಹೇಳುತ್ತೇವೆ. ರಕ್ಷಣೆ ಬಳಸಲು ಸುಲಭವಿರಬೇಕು ಎಂಬುದು ಇನ್ನೊಂದು; ಅದನ್ನು ಮರೆಯುತ್ತೇವೆ. ಬೀಗ ಕಷ್ಟವಾದರೆ ಜನ ಬಾಗಿಲನ್ನೇ ತೆರೆದಿಡುತ್ತಾರೆ. ನಮ್ಮ ಸರ್ವರ್‌ನಲ್ಲಿ ಅದಕ್ಕೆ ಸಾಕ್ಷಿ ಇತ್ತು. ಶುಕ್ರವಾರ ಸಂಜೆ ಡೆಲಿವರಿಯ ಗಡಿಬಿಡಿಯಲ್ಲಿ ಯಾರೋ 777 ಹಾಕಿ ಎಲ್ಲರಿಗೂ ಎಲ್ಲ ಹಕ್ಕನ್ನೂ ಕೊಟ್ಟ ಫೋಲ್ಡರುಗಳು ಹತ್ತಾರು. ಅವುಗಳಲ್ಲಿ ಎರಡು, ಹೇಳಲು ನಾಚಿಕೆ, ನನ್ನವೇ.

ಸಂಬಳದ ಪಟ್ಟಿಯ ಘಟನೆಯ ನಂತರ ನಾವು ಮಾಡಿದ್ದು ಇಷ್ಟೇ. ಬಿಟ್ಟುಹೋದವರ ಸಂಖ್ಯೆಯನ್ನು ಮತ್ತೆ ಯಾರಿಗೂ ಕೊಡುವುದಿಲ್ಲ. ಖಾತೆಯನ್ನು ಅಳಿಸದೆ ಬೀಗ ಹಾಕಿಡುತ್ತೇವೆ. ಮಾಲೀಕರಿಲ್ಲದ ಫೈಲುಗಳನ್ನು ಹುಡುಕುವ ಆಜ್ಞೆ ತಿಂಗಳಿಗೊಮ್ಮೆ ಓಡುತ್ತದೆ. ಪ್ರತಿ ವಿಭಾಗಕ್ಕೂ ಒಂದು ಗುಂಪು, ಗುಂಪಿಗೆ ಒಂದು ಫೋಲ್ಡರು, ಆ ಫೋಲ್ಡರಿನಲ್ಲಿ ಹುಟ್ಟುವ ಫೈಲು ಹುಟ್ಟುವಾಗಲೇ ಗುಂಪಿನದಾಗುತ್ತದೆ. ಕೆಲಸ ಬಿಡುವವರು ಐಡಿ ಕಾರ್ಡಿನ ಜೊತೆಗೆ ತಮ್ಮ ಫೈಲುಗಳನ್ನೂ ಯಾರಿಗಾದರೂ ವಹಿಸಿ ಸಹಿ ಹಾಕಬೇಕು. ಅದನ್ನು ಹೇಳಿಕೊಟ್ಟದ್ದು ಯಾವ ಪುಸ್ತಕವೂ ಅಲ್ಲ, ಆ ಹುಡುಗ. ಅವನು ಬಂದು ಹೇಳದೆ ಇದ್ದಿದ್ದರೆ ನಮಗೆ ಇನ್ನೂ ಗೊತ್ತಾಗುತ್ತಿರಲಿಲ್ಲ.

ಈ ಲೇಖನಕ್ಕಾಗಿ ಕೂತಾಗ, ಸುಮ್ಮನೆ ನೋಡೋಣವೆಂದು ನಮ್ಮೂರ ಹೊಲದ ಪಹಣಿಯನ್ನು ಮೊಬೈಲಿನಲ್ಲಿ ತೆರೆದೆ. ಅರೆ ನಿಮಿಷವೂ ಬೇಕಾಗಲಿಲ್ಲ. ಸರ್ವೆ ನಂಬರು ಸರಿ, ಏಳೆಕರೆ ಸರಿ. ಮಾಲೀಕರ ಹೆಸರಿನ ಅಂಕಣದಲ್ಲಿ ಮುತ್ಯಾ. ಅವನು ಹೋಗಿ ಮೂವತ್ತು ವರ್ಷ ದಾಟಿದೆ. ಪೌತಿ ಖಾತೆ ಆಗೇ ಇಲ್ಲ. ಅಪ್ಪನಿಗೆ ಫೋನ್ ಮಾಡಿದರೆ, “ಮಾಡಬೇಕಂತ ಎಷ್ಟೋ ಸರ್ತಿ ಅಂದ್ಕೊಂಡೀವಿ ತಮ್ಮಾ, ನಿಮ್ಮ ಕಾಕಾಗೋಳು ಮೂರೂ ಮಂದಿ ಒಂದ್ ದಿನ ಕೂಡಿ ಬರಬೇಕಲ್ಲ” ಎಂದ.

ಯಾವ ಕುಲಕರ್ಣಿಯೂ ತಡೆದಿಲ್ಲ, ಯಾವ ತಲಾಠಿಯೂ ನಾಳೆ ಬಾ ಎಂದಿಲ್ಲ. ಕಿಟಕಿ ತೆರೆದೇ ಇದೆ. ಸರ್ವರ್‌ನಲ್ಲಿ ಅನಾಥ ಫೈಲು ಹುಡುಕುವ ನಮ್ಮ ಮನೆಯ ಫೈಲೇ ಸತ್ತವನ ಹೆಸರಿನಲ್ಲಿ ಮಲಗಿದೆ. ದಸರೆಗೆ ತಾಂಡೂರಿನ ಮೇಲೆ ಸೇಡಂಗೆ ಹೋಗುವ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಕಾಕಾಗಳಿಗೆ ಹೇಳಿಯಾಗಿದೆ. ಮೊದಲು ಮುತ್ಯಾನ ಮರಣ ಪ್ರಮಾಣ ಪತ್ರ ಎಲ್ಲಿದೆಯೋ ಹುಡುಕಬೇಕು.